ಅಡ್ಡ ಬಂದವಳು

ಆ ಹೆಣ್ಣು ಉಂಡರೂ ನಮಗೆ ಸಿಟ್ಟು, ಉಣ್ಣದೆ ಕೂತರೂ ಸಿಟ್ಟು. ಹೊಸ ಸೀರೆ ಉಟ್ಟು ಬಂದಳೋ, ‘ನೋಡು, ಹ್ಯಾಂಗ ಮೆರ್ಯಾಕತ್ತಾಳ’. ಕಣ್ಣೀರು ಹಾಕಿದಳೋ, ‘ನಾಟಕ ಮಾಡಾಕತ್ತಾಳ’. ಒಂದು ದಿನ ಅವಳಿಗೆ ಜ್ವರ ಬಂದದ್ದನ್ನು ತೋರಿಸಿದಾಗ ನಮ್ಮವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಪಡಸಾಲೆಗೆ ಬಂದು, ‘ಏರಲಿ, ಇನ್ನಾ ಏರಲಿ’ ಎಂದು ಹೇಳಿ ಮತ್ತೆ ಒಲೆಯ ಮುಂದೆ ಹೋಗಿ ಕೂತಳು. ನಮ್ಮವ್ವ ಇರುವೆಯ ಸಾಲಿಗೆ ಸಕ್ಕರೆ ಉದುರಿಸುವ ಹೆಂಗಸು. ಅವಳ ಬಾಯಿಂದಲೇ ಈ ಮಾತು ಬಂದಿತ್ತು.

ಸಂಜೆ ಏಳೂವರೆಯ ಧಾರಾವಾಹಿ ಅದು. ನಾಯಕ ಇಂಜಿನಿಯರು, ನಾಯಕಿ ಅವನ ಆಫೀಸಿನಲ್ಲೇ ದುಡಿಯುವ ಬಡವರ ಮನೆಯ ಹುಡುಗಿ. ಇಬ್ಬರ ನಡುವೆ ಅಡ್ಡ ನಿಂತವಳು ನಾಯಕನ ಸೋದರಮಾವನ ಮಗಳು. ‘ಇವಳು ಇವನಿಗೆ’ ಎಂದು ಅವಳು ಹುಟ್ಟಿದಾಗಲೇ ಹಿರಿಯರು ಮಾತಾಡಿಕೊಂಡಿದ್ದರು. ಆ ಮಾತನ್ನು ನಂಬಿಕೊಂಡು ಬೆಳೆದದ್ದೊಂದೇ ಅವಳು ಮಾಡಿದ ತಪ್ಪು. ಆದರೆ ಧಾರಾವಾಹಿಯವರು ಅವಳ ಹುಬ್ಬನ್ನು ಚೂಪು ಮಾಡಿ, ಅವಳು ಬಾಗಿಲಲ್ಲಿ ಕಾಣಿಸಿಕೊಂಡಾಗಲೆಲ್ಲ ಎದೆ ಝಲ್ಲೆನ್ನುವ ಸಂಗೀತ ಹಾಕಿ, ಅವಳನ್ನು ಹೇಗೆ ನೋಡಬೇಕೆಂದು ನಮಗೆ ಕಲಿಸಿಬಿಟ್ಟಿದ್ದರು. ನಾವೂ ಜಾಣ ಮಕ್ಕಳಂತೆ ಕಲಿತೆವು.

ಗೋಗಿ ಎಂಬ ಊರಿನ ನಮ್ಮ ಮನೆಗೆ ಆ ಹೊತ್ತಿಗೆ ಓಣಿಯ ನಾಲ್ಕೈದು ಹೆಂಗಸರು ಬಂದು ಸೇರುತ್ತಿದ್ದರು. ಗದ್ದೆಯಲ್ಲಿ ನಾಟಿ ಮಾಡಿ ಬಂದವರು, ಕಾಲಿನ ಕೆಸರನ್ನೂ ಸರಿಯಾಗಿ ತೊಳೆದಿರುತ್ತಿರಲಿಲ್ಲ. ಎಲ್ಲರಿಗಿಂತ ಮೊದಲು ಬಂದು ಟಿವಿಯ ಮುಂದಿನ ಕೌದಿಯ ಮೇಲೆ ಕೂಡುವವಳು ನನ್ನ ಸೋದರತ್ತೆ, ಅಂದರೆ ಅಪ್ಪನ ತಂಗಿ. ಅದೇ ಊರಿಗೆ ಕೊಟ್ಟಿದ್ದರಿಂದ ಅವಳ ಮನೆ ನಮ್ಮ ಹಿಂದಿನ ಓಣಿಯಲ್ಲೇ ಇತ್ತು. ಮಾವ ತೀರಿಕೊಂಡು ಬಹಳ ವರ್ಷವಾಗಿತ್ತು, ಇದ್ದವನು ಒಬ್ಬನೇ ಮಗ. ಅತ್ತೆಗೆ ಆ ಟಿವಿಯ ಜೋಡಿಯ ಮೇಲೆ ಎಷ್ಟು ಮಮತೆಯೆಂದರೆ, ಅವರಿಬ್ಬರೂ ಒಂದೇ ಕೊಡೆಯಡಿ ನಡೆದ ದಿನ ಉಪ್ಪು, ಒಣಮೆಣಸಿನಕಾಯಿ ಹಿಡಿದು ಟಿವಿಗೆ ದೃಷ್ಟಿ ನಿವಾಳಿಸಿ ಒಲೆಗೆ ಹಾಕಿದ್ದಳು. ಘಾಟಿಗೆ ನಾವೆಲ್ಲ ಕೆಮ್ಮುತ್ತ ಹೊರಗೆ ಓಡಿದ್ದರಿಂದ ಆ ಕಂತು ಎಷ್ಟೋ ಮುಂದೆ ಹೋಗಿಬಿಟ್ಟಿತ್ತು. ‘ಇವ್ರಿಬ್ರೂ ಕೂಡಿದ್ರ ತಿಂಥಣಿಗಿ ಹೋಗಿ ಕಾಯಿ ಒಡಸ್ತೀನಿ, ಮೌನಪ್ಪ’ ಎಂದು ಹರಕೆಯನ್ನೂ ಹೊತ್ತಿದ್ದಳು.

ಅಡ್ಡ ಬಂದವಳಿಗೆ ಮಾತ್ರ ಅತ್ತೆ ಎರಡೂ ಕೈಯ ಲಟಿಕೆ ಮುರಿದು ಶಾಪ ಹಾಕುತ್ತಿದ್ದಳು. ‘ನಿನ ಬಾಯಾಗ ಮಣ್ಣ ಬೀಳ್ಲಿ. ನಾಚಿಕಿ ಅನ್ನೂದು ಅದನಿಲ್ಲ ಇಕಿಗಿ? ಪ್ರೀತಿ ಮಾಡಿದವ್ರ ನಡುವ ನಿನಗೇನ್ ಕೆಲ್ಸ?’ ಹೀಗೆ ಬೈದು ಮುಗಿಸಿದ ಮೇಲೆ ನನ್ನ ಕಡೆ ತಿರುಗಿ, ನನ್ನ ಕೆನ್ನೆ ಸವರಿ, ‘ನಮ್ಮ ಮನಿ ಬೆಳಗಾಕಿ ನೋಡ್ರಿ ಇಕಿ’ ಎಂದು ಎಲ್ಲರಿಗೂ ಹೇಳುವಳು. ನಾನು ನಾಚಿ ತಲೆ ತಗ್ಗಿಸುವೆ. ನನ್ನನ್ನೂ ಹುಟ್ಟಿದ ವಾರದಲ್ಲೇ ಅತ್ತೆ ತನ್ನ ಮಗನಿಗೆಂದು ಕೇಳಿ ಇಟ್ಟುಕೊಂಡಿದ್ದಳು. ನಾನೂ ಸೋದರಮಾವನ ಮಗಳೇ. ಎರಡಕ್ಕೂ ಸಂಬಂಧವಿದೆ ಎಂದು ಆ ಪಡಸಾಲೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಎಂ.ಎ., ಬಿ.ಎಡ್. ಓದಿದ ನನಗೂ ಹೊಳೆಯಲಿಲ್ಲ.

ಹೊಳೆಯದಿದ್ದುದಷ್ಟೇ ಅಲ್ಲ, ಬೈಯುವುದರಲ್ಲಿ ನಾನು ಉಳಿದವರನ್ನೆಲ್ಲ ಹಿಂದೆ ಹಾಕಿದ್ದೆ. ಹತ್ತಿಗೂಡೂರಿನ ದಾರಿಯಲ್ಲಿರುವ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಅತಿಥಿ ಶಿಕ್ಷಕಿ ನಾನು. ಫೋನಿನಲ್ಲಿ ಆ ಜೋಡಿಯ ಅಭಿಮಾನಿಗಳದೊಂದು ಗುಂಪಿತ್ತು. ಇಬ್ಬರ ಹೆಸರನ್ನೂ ಕತ್ತರಿಸಿ ಜೋಡಿಸಿ ಒಂದೇ ಹೆಸರು ಮಾಡಿ ಗುಂಪಿಗೆ ಇಟ್ಟಿದ್ದರು. ಉಳಿದವರು ಬರೀ ಕೆಂಪು ಮುಖದ ಚಿತ್ರ ಹಾಕುತ್ತಿದ್ದಾಗ ನಾನು ನಮ್ಮಜ್ಜಿಯ ಬೈಗುಳಗಳನ್ನೆಲ್ಲ ಹೊರತೆಗೆದು ಪ್ರಾಸ ಕೂಡಿಸಿ ಬರೆಯುತ್ತಿದ್ದೆ. ಜನ ಮೆಚ್ಚಿ ಮೆಚ್ಚಿ ನನ್ನ ತಲೆ ತಿರುಗಿತು. ಪಾತ್ರಕ್ಕೆ ಬೈಯುವುದು ಸಾಲದೆ ಆ ಪಾತ್ರ ಮಾಡಿದ ಹುಡುಗಿಯ ಖಾತೆಗೂ ಹೋದೆ. ಅವಳು ತನ್ನ ತಾಯಿಯನ್ನು ತಬ್ಬಿಕೊಂಡು ನಕ್ಕ ಫೋಟೋ ಹಾಕಿದ್ದಳು. ಅದರ ಕೆಳಗೆ, ‘ನಿನ್ನಂಥವಳಿಗೆ ತಾಳಿ ಕಟ್ಟುವ ಗಂಡಸು ಹುಟ್ಟದಿರಲಿ’ ಎಂದು ಬರೆದು ರೊಟ್ಟಿ ತಿನ್ನಲು ಕೂತೆ. ಆ ದಿನ ರೊಟ್ಟಿ ರುಚಿಯಾಗಿಯೇ ಇತ್ತು, ಸುಳ್ಳೇಕೆ ಹೇಳಲಿ.

ಇನ್ನು ಅವನ ವಿಷಯ. ಅತ್ತೆಯ ಮಗ ಬಸ್ಸಿನ ಕಂಡಕ್ಟರು. ಯಾದಗಿರಿಯಿಂದ ಶಹಾಪುರದ ಮೇಲೆ ಸುರಪುರಕ್ಕೆ ಹೋಗುವ ಬಸ್ಸು ಅವನದು. ನಾನು ಗೋಗಿಯಿಂದ ಶೇರ್ ಆಟೋದಲ್ಲಿ ಶಹಾಪುರಕ್ಕೆ ಬಂದು ಅಲ್ಲಿಂದ ಬಸ್ಸು ಹತ್ತಬೇಕು. ಅದೇ ದಾರಿಗೆ ಮೂರು ಬಸ್ಸು ಮೊದಲೇ ಬಂದು ಹೋಗುತ್ತಿದ್ದವು. ‘ಬರ್ರಿ ಟೀಚರ್, ಖಾಲಿ ಅದ’ ಎಂದು ಕರೆದರೂ ನಾನು ಬ್ಯಾಗಿನಲ್ಲಿ ಏನೋ ಹುಡುಕುವವಳಂತೆ ನಿಂತಿರುತ್ತಿದ್ದೆ. ನಾಲ್ಕನೆಯದು ಅವನ ಬಸ್ಸು. ತಡವಾಗಿ ಹೋಗಿ ಹೆಡ್ ಮಾಸ್ತರರ ಕೈಲಿ ಎಷ್ಟು ಸಲ ಅನ್ನಿಸಿಕೊಂಡೆನೋ ಲೆಕ್ಕವಿಲ್ಲ.

ಅವನು ನನ್ನೊಡನೆ ಬಹಳ ಮಾತಾಡಿದ್ದೇನೂ ಇಲ್ಲ. ‘ಏನ್ ಟೀಚರಮ್ಮ, ಇವತ್ತ ಯಾರಿಗಿ ಬೆಂಚ್ ಮ್ಯಾಲ ನಿಂದ್ರಿಸ್ತಿ?’ ಎಂದು ಕೇಳಿ ಟಿಕೇಟು ಹರಿದು ಕೊಟ್ಟು ಮುಂದೆ ಹೋಗುವನು. ಅಷ್ಟಕ್ಕೇ ನನಗೆ ಮೂರನೆಯ ಪಿರಿಯಡ್ಡಿನವರೆಗೆ ನಗು ಬರುತ್ತಿತ್ತು. ಮುದುಕಿಯರನ್ನು ಕೈಹಿಡಿದು ಇಳಿಸುವನು. ಶಾಲೆಯ ಮಕ್ಕಳು ಬಾಗಿಲಲ್ಲಿ ಜೋತುಬಿದ್ದರೆ ಕಿವಿ ಹಿಂಡಿ ಒಳಗೆ ಎಳೆಯುವನು. ‘ಸುರ್ಪೂರ್, ಸುರ್ಪೂರ್’ ಎಂದು ಕೂಗುವಾಗ ಅವನ ಕತ್ತಿನ ನರ ಉಬ್ಬುತ್ತಿತ್ತು. ಅದನ್ನು ನೋಡಲು ನಾನು ಯಾವಾಗಲೂ ಹಿಂದಿನ ಬಾಗಿಲ ಹತ್ತಿರದ ಸೀಟು ಹಿಡಿಯುತ್ತಿದ್ದೆ. ಅವನು ನನ್ನವನೇ ಎಂದು ಗೊತ್ತಿದ್ದುದರಿಂದ ಅವಸರವಿರಲಿಲ್ಲ. ಇವತ್ತಲ್ಲ ನಾಳೆ ಅವನ ಮನೆಗೇ ಹೋಗುವವಳು, ಈಗಲೇ ಕೇಳಿ ಏನು ಮಾಡಲಿ ಅನ್ನಿಸುತ್ತಿತ್ತು. ನನ್ನ ಜೀವನದಲ್ಲಿ ನಾನು ಅಷ್ಟು ನಿಶ್ಚಿಂತಳಾಗಿ ಯಾರನ್ನೂ ಪ್ರೀತಿಸಿಲ್ಲ.

ಶಹಾಪುರದಲ್ಲೇ ಹತ್ತಿ ಸುರಪುರದ ಆಸ್ಪತ್ರೆಗೆ ಹೋಗುವ ಒಬ್ಬ ನರ್ಸ್ ಇದ್ದಳು. ಸುರಪುರದವಳೇ, ಆದರೆ ಅಕ್ಕನ ಮಕ್ಕಳನ್ನು ನೋಡಿಕೊಳ್ಳಲೆಂದು ಶಹಾಪುರದ ಅಕ್ಕನ ಮನೆಯಲ್ಲಿದ್ದು ಓಡಾಡುತ್ತಿದ್ದಳು. ರಾತ್ರಿಪಾಳಿ ಮುಗಿದ ಮರುವಾರವೆಲ್ಲ ಅವಳ ಕಣ್ಣು ಊದಿರುತ್ತಿತ್ತು. ಪಾಪ ಎಂದು ನಾನೇ ಕರ್ಚೀಫು ಹಾಕಿ ಅವಳಿಗೆ ಪಕ್ಕದ ಸೀಟು ಹಿಡಿಯುತ್ತಿದ್ದೆ. ‘ಅಕ್ಕಾರ, ನೀವಿಲ್ಲಂದ್ರ ನಾ ನಿಂತೇ ಹೋಗಬೇಕಿತ್ತು ನೋಡ್ರಿ’ ಎನ್ನುವಳು. ನನ್ನ ಬುತ್ತಿಯ ಶೇಂಗಾ ಹಿಂಡಿ ಅವಳಿಗೆ ಬಹಳ ಇಷ್ಟ. ಅವನು ಅವಳ ಟಿಕೇಟು ಕೊಡುವಾಗ ತಮಾಷೆ ಮಾಡುತ್ತಿರಲಿಲ್ಲ, ಮುಖ ನೋಡುತ್ತಲೂ ಇರಲಿಲ್ಲ. ಪರಿಚಯವಿಲ್ಲದವಳು, ಅದಕ್ಕೇ ಮರ್ಯಾದೆ ಎಂದುಕೊಂಡಿದ್ದೆ.

ಒಂದು ಶನಿವಾರ ಮಧ್ಯಾಹ್ನ, ಅರ್ಧ ದಿನದ ಶಾಲೆ ಮುಗಿಸಿ ಬರುವಾಗ ಬಸ್ಸು ಖಾಲಿ ಇತ್ತು. ಕಾಲುವೆಯುದ್ದಕ್ಕೂ ಭತ್ತ ತೆನೆ ಬಿಟ್ಟಿತ್ತು. ಅವನು ಬಂದು ಎದುರಿನ ಸೀಟಿನಲ್ಲಿ ಕೂತ. ನಾನು ಹಿಂದಿನ ದಿನದ ಕಂತನ್ನು ಫೋನಿನಲ್ಲಿ ನೋಡುತ್ತ ತುಟಿ ಕಚ್ಚಿ ಸಿಟ್ಟಾಗುತ್ತಿದ್ದೆ. ಏನದು ಎಂದ. ತೋರಿಸಿದೆ. ಅಡ್ಡ ಬಂದವಳು ನಾಯಕನ ತಾಯಿಯ ಮುಂದೆ ಅಳುತ್ತಿದ್ದಳು.

‘ಪಾಪ, ಅಕಿದೇನ್ ತಪ್ಪದ?’ ಎಂದ. ‘ಸಣ್ಣಾಕಿದ್ದಾಗಿಂದ ಎಲ್ಲಾರೂ ಅಕಿ ತಲ್ಯಾಗ ಅದೇ ತುಂಬ್ಯಾರ. ಅಕಿಗಿ ಯಾರರ ಕೇಳ್ಯಾರೇನು?’

ನನಗೆ ಎಲ್ಲಿಲ್ಲದ ರೋಷ ಬಂತು. ‘ಮಾವ, ನೀ ಒಬ್ಬ ಬಾಕಿ ಇದ್ದಿ ಅಕಿ ಕಡಿ ಮಾತಾಡಾಕ. ಅವ್ರಿಬ್ರೂ ಪ್ರೀತಿ ಮಾಡಾಕತ್ತಾರಂತ ಗೊತ್ತಾತಿಲ್ಲೋ? ಗೊತ್ತಾದ ಮ್ಯಾಲ ತಾನಾಗೇ ಸರದು ನಿಂದ್ರಬೇಕು. ಹಿರೇರು ಮಾತಾಡಿದ್ರು ಅಂತ ಒಬ್ಬನ ಕೊಳ್ಳಿಗಿ ಜೋತು ಬೀಳೂದ? ಅಂಥಾಕಿ ಹೆಣ್ಣೇ ಅಲ್ಲ.’

‘ಸರದು ನಿಂದ್ರೂದು ಅಷ್ಟು ಹಗರೇನು?’

‘ಹಗರ ಇಲ್ಲ. ಆದ್ರ ಮನಷಾಳಾದಾಕಿ ಸರೀತಾಳ.’

‘ಖರೇ ಅಂತೀಯೇನು?’ ಅವನು ನನ್ನನ್ನು ನೆಟ್ಟಗೆ ನೋಡಿದ. ಅಷ್ಟು ಹೊತ್ತು ಅವನು ನನ್ನನ್ನು ನೋಡಿದ್ದು ಅದೇ ಮೊದಲು.

‘ಖರೇ,’ ಎಂದೆ. ಅವನು ಸೀಟಿಯೂದಿ ಬಸ್ಸು ನಿಲ್ಲಿಸಿ ನನ್ನನ್ನು ಶಹಾಪುರದಲ್ಲಿ ಇಳಿಸಿದ. ಆ ನೋಟವನ್ನು ನಾನು ಗೋಗಿಯವರೆಗೂ ಮಡಿಲಲ್ಲಿಟ್ಟುಕೊಂಡು ಬಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ತರಗತಿಯಲ್ಲಿ ನಾನೇ ಮಕ್ಕಳಿಗೆ ಅರ್ಥ ಬರೆಸಿದ್ದೆ.

ಎರಡು ವಾರದ ನಂತರ ಬಸ್ ನಿಲ್ದಾಣದ ಚಹಾದಂಗಡಿಗೆ ಅವನು ನನ್ನನ್ನು ಕರೆದ. ಹಾಗೆ ಕರೆದದ್ದು ಅದೇ ಮೊದಲಾದ್ದರಿಂದ ನಾನು ಸೆರಗು ಸರಿಮಾಡಿಕೊಂಡು ಹೋದೆ. ಅವನು ಕಪ್ಪು ಹಿಡಿದುಕೊಂಡೇ ಇದ್ದ, ಕುಡಿಯಲಿಲ್ಲ.

‘ನಿನಗ ಹ್ಯಾಂಗ ಹೇಳ್ಲಿ ಅಂತ ಒಂದು ವರ್ಷದಿಂದ ಒದ್ದಾಡಾಕತ್ತಿದ್ದೆ. ನೀ ಅವತ್ತ ಬಸ್ಸಿನ್ಯಾಗ ಅಂದಿಯಲ್ಲ, ಆಗ ಧೈರ್ಯ ಬಂತು. ನಿನ್ನಷ್ಟು ದೊಡ್ಡ ಮನಸು ಯಾರಿಗೂ ಇಲ್ಲ.’

ಆಮೇಲೆ ನರ್ಸಿನ ವಿಷಯ ಹೇಳಿದ. ನಾನು ಸೀಟು ಹಿಡಿದು ಕೂರಿಸುತ್ತಿದ್ದ ನರ್ಸ್. ಅತ್ತೆಗೂ ಹೇಳಿದ್ದಾನೆ, ಅತ್ತೆ ರಂಪ ಮಾಡಿದ್ದಾಳೆ. ಟಿವಿಯ ಜೋಡಿಗೆ ಮದುವೆಯಾಯಿತೆಂದು ಅದೇ ವಾರದ ಸೋಮವಾರ ಅತ್ತೆ ತಿಂಥಣಿಗೆ ಹೋಗಿ ಕಾಯಿ ಒಡೆಸಿ, ನಮಗೆಲ್ಲ ಪ್ರಸಾದ ಹಂಚಿದ್ದಳು. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ.

‘ಅಣ್ಣನ ಮಗಳಿಗಿ ಮಾತು ಕೊಟ್ಟೀನಿ, ಅಕಿ ತನ್ನ ಬಾಯಿಲೆ ಬ್ಯಾಡ ಅನ್ನೂತನಕ ನಾ ಯಾರಿಗೂ ಮನಿತುಂಬಿಸ್ಕೊಳ್ಳಲ್ಲ ಅಂತಾಳ ಅವ್ವ,’ ಎಂದ. ‘ನೀ ಒಂದು ಮಾತು ಬ್ಯಾಡ ಅಂದ್ರ ಎಲ್ಲಾ ಆಗ್ತದ. ಅಂತೀಯಲ್ಲ?’

ಇಲ್ಲ, ನನಗೆ ನೀನು ಬೇಕು ಎಂದು ಅಲ್ಲೇ ಹೇಳಬೇಕಿತ್ತು. ಹೇಳಲು ಬಾಯಿಯನ್ನೂ ತೆರೆದಿದ್ದೆ. ಆದರೆ ನನ್ನ ಮಾತಿನ ಮೇಲೆ ಅಷ್ಟು ಭರವಸೆ ಇಟ್ಟು ನಿಂತಿದ್ದ ಅವನ ಮುಖ ನೋಡಿ ‘ಹ್ಞೂಂ’ ಎಂದುಬಿಟ್ಟೆ.

ಆ ಸಂಜೆ ಏಳೂವರೆಗೆ ಎಲ್ಲರೂ ಬಂದರು. ಅತ್ತೆಯೂ ಬಂದಳು, ಮುಖ ಮಾತ್ರ ಗಡಿಗೆಯಷ್ಟಾಗಿತ್ತು. ಟಿವಿಯಲ್ಲಿ ಮದುವೆಯಾದ ಮೇಲೂ ಅಡ್ಡ ಬಂದವಳು ಆ ಮನೆಯ ಅಂಗಳದಲ್ಲಿ ಕೂತು, ಒಂದು ಸಲ ಅವನ ಮುಖ ನೋಡಿ ಹೋಗುತ್ತೇನೆ ಎಂದು ಬೇಡುತ್ತಿದ್ದಳು. ‘ಬ್ಯಾಡಂದವನ ಬೆನ್ನ ಹತ್ಯಾಳ ನೋಡ, ಮಾನಗೇಡಿ,’ ಎಂದಳು ನಮ್ಮವ್ವ. ನಾನು ಮೊದಲ ಸಲ ಆ ಹುಡುಗಿಯ ಹುಬ್ಬು ಬಿಟ್ಟು ಕಣ್ಣು ನೋಡಿದೆ. ಅವಳು ಚೆನ್ನಾಗಿ ಅಳುತ್ತಿದ್ದಳು. ಅವಳೊಬ್ಬಳೇ ಆ ಪಡಸಾಲೆಯಲ್ಲಿ ನನ್ನ ಸಂಕಟ ಬಲ್ಲವಳು, ಅವಳನ್ನೇ ನಾನು ಇಷ್ಟು ದಿನ ಬೈದಿದ್ದೆ.

ಜಾಹೀರಾತು ಬಂತು. ಇದು ಮುಗಿಯುವುದರೊಳಗೆ ಹೇಳದಿದ್ದರೆ ಮತ್ತೆಂದೂ ಹೇಳಲಾರೆ ಎನ್ನಿಸಿತು.

‘ಅತ್ತಿ, ನಿನ್ನ ಮಗ ನನಗ ಬ್ಯಾಡ.’

ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ಅತ್ತೆಗೆ ಮೊದಲು ತಿಳಿಯಲೇ ಇಲ್ಲ. ‘ಅವ ಏನರ ಕಲಿಸಿಕೊಟ್ಟಾನೇನು?’ ಎಂದಳು. ಹೌದೆಂದರೆ ಅವನ ಕೆಲಸ ಕೆಡುತ್ತದೆ. ನನ್ನ ಬಾಯಿಗೆ ಸಿಕ್ಕ ಸುಳ್ಳು ಹೇಳಿದೆ. ‘ಯಾರೂ ಕಲಿಸಿಲ್ಲ. ಕಂಡಕ್ಟರ್‌ನ ಹೇಂತಿ ಅನಿಸ್ಕೊಳ್ಳಾಕ ನನಗ ಮನಸಿಲ್ಲ. ನಾ ಇಷ್ಟು ಓದೀನಿ.’

ಅತ್ತೆ ಎದ್ದು ನಿಂತಳು. ಎರಡೂ ಕೈಯ ಲಟಿಕೆ ಮುರಿದಳು. ಟಿವಿಯವಳಿಗೆ ಹಾಕುತ್ತಿದ್ದ ಶಾಪಗಳೇ, ಅದೇ ಸಾಲು, ಅದೇ ದನಿ. ಒಂದು ಮಾತೂ ಹೊಸದಿರಲಿಲ್ಲ. ಆಮೇಲೆ ನಮ್ಮ ಹೊಸ್ತಿಲು ದಾಟಿ ಹೋದವಳು ಬಹಳ ದಿನ ತಿರುಗಿ ಬರಲಿಲ್ಲ. ಅಪ್ಪ ನನ್ನೊಡನೆ ಊಟಕ್ಕೆ ಕೂಡುವುದನ್ನು ಬಿಟ್ಟ. ‘ನೌಕರಿ ಸಿಕ್ಕದ್ದಕ್ಕ ಕಣ್ಣು ನೆತ್ತಿಗಿ ಬಂದಾವ’ ಎಂದು ಓಣಿಯಲ್ಲಿ ಆಡಿಕೊಂಡರು. ಅಡ್ಡ ನಿಂತರೂ ಬೈಗುಳ, ಸರಿದು ನಿಂತರೂ ಬೈಗುಳ. ನಮ್ಮವ್ವ ಮಾತ್ರ ಮೂರು ದಿನ ನನ್ನ ತಲೆಗೆ ಎಣ್ಣೆ ಹಚ್ಚಿದಳು. ಅವಳಿಗೆ ಎಷ್ಟು ಗೊತ್ತಾಗಿತ್ತೋ, ನಾನು ಕೇಳಲಿಲ್ಲ.

ಅವರಿಬ್ಬರ ಮದುವೆಗೆ ಹೋಗಿ ಪಂಕ್ತಿಯಲ್ಲಿ ನಿಂತು ಹುಗ್ಗಿ ಬಡಿಸಿದೆ. ಬಸ್ಸು ಬದಲಿಸಿದೆ. ಮೊದಲು ಬಂದ ಬಸ್ಸು ಹತ್ತಿ ಹೊತ್ತಿಗೆ ಮುಂಚೆಯೇ ಶಾಲೆ ಸೇರತೊಡಗಿದಾಗ ಹೆಡ್ ಮಾಸ್ತರರು ಹೊಗಳಿದರು. ಎಂಟನೆಯ ತರಗತಿಯ ಕಿಟಕಿಯಿಂದ ರಸ್ತೆ ಕಾಣುತ್ತದೆ. ಅವನ ಬಸ್ಸು ಹೋಗುವ ಹೊತ್ತಿಗೆ ನಾನು ಬೋರ್ಡಿನ ಕಡೆ ತಿರುಗಿ ಏನಾದರೂ ಬರೆಯುತ್ತಿದ್ದೆ. ಆದರೂ ಅದರ ಹಾರ್ನು ಎಲ್ಲದರ ನಡುವೆಯೂ ನನಗೆ ಗುರುತು ಸಿಗುತ್ತಿತ್ತು. ಬಸ್ಸು ದೂರ ಹೋಗಿ ಸದ್ದು ಅಡಗುವವರೆಗೆ ನನ್ನ ಸೀಮೆಸುಣ್ಣ ಬರೆದ ಅಕ್ಷರದ ಮೇಲೇ ಮತ್ತೆ ಬರೆಯುತ್ತ ಇರುತ್ತಿತ್ತು. ಹುಡುಗಿಯರು ಮುಸಿಮುಸಿ ನಗುತ್ತಿದ್ದರು.

ಧಾರಾವಾಹಿಯಲ್ಲಿ ಅಡ್ಡ ಬಂದವಳಿಗೆ ಹುಚ್ಚು ಹಿಡಿಸಿ ಆಸ್ಪತ್ರೆಗೆ ಸೇರಿಸಿದರು. ನಮ್ಮ ಗುಂಪಿನಲ್ಲಿ ಅವತ್ತು ಹಬ್ಬ. ಲಾಡುವಿನ ಚಿತ್ರ, ಪಟಾಕಿಯ ಚಿತ್ರ. ನಾನು ತಡೆಯಲಾರದೆ ‘ಪಾಪ, ಅವಳದೇನು ತಪ್ಪು?’ ಎಂದು ಬರೆದೆ. ಅವನ ಮಾತೇ ನನ್ನ ಬೆರಳಿಗೆ ಬಂದಿತ್ತು. ಎಲ್ಲರೂ ನನ್ನ ಮೇಲೆ ಮುಗಿಬಿದ್ದರು. ನಿನಗೂ ಯಾವನೋ ಕೈಕೊಟ್ಟಿರಬೇಕು ಎಂದು ಒಬ್ಬಳು ಬರೆದಳು. ಬರೆದವಳ ಕನ್ನಡ ಚೆನ್ನಾಗಿತ್ತು. ನಾನು ಗುಂಪು ಬಿಟ್ಟೆ. ಆ ನಟಿಯ ಫೋಟೋ ಹುಡುಕಿ ನನ್ನ ಮಾತನ್ನು ಅಳಿಸಿದೆ. ಅದರ ಮೇಲೆ ಕೆಳಗೆ ಬೇರೆಯವರು ಬರೆದದ್ದು ಇನ್ನೂ ಬೇಕಾದಷ್ಟಿತ್ತು, ನಾನು ಅಳಿಸಿದ್ದು ಯಾರಿಗೂ ತಿಳಿಯುವಂತಿರಲಿಲ್ಲ. ಕ್ಷಮಿಸು ಎಂದು ಬರೆಯಬೇಕೆಂದು ಎಷ್ಟೋ ಸಲ ಕೂತೆ. ಏನೆಂದು ಬರೆಯಲಿ?

ಎರಡು ವರ್ಷಕ್ಕೆ ಅವನಿಗೆ ಹೆಣ್ಣು ಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ಕಾರ್ಯ ಸುರಪುರದಲ್ಲಿ, ನರ್ಸಿನ ತವರಿನಲ್ಲಿ. ಅಷ್ಟರಲ್ಲಿ ಅತ್ತೆಯ ಸಿಟ್ಟು ಅರ್ಧ ಇಳಿದಿತ್ತು, ನಮ್ಮ ಮನೆಯವರನ್ನೂ ಕರೆದಿದ್ದಳು. ನಾನು ಹೋಗದಿದ್ದರೆ ಮಂದಿಗೆ ಮಾತಾಗುತ್ತದೆಂದು ಹೋದೆ. ಅಂಗಳದ ತುಂಬ ಹೆಂಗಸರು, ಗುಗ್ಗರಿಯ ವಾಸನೆ. ಎಲ್ಲರೂ ಹೊಸದಾಗಿ ಶುರುವಾದ ಇನ್ನೊಂದು ಧಾರಾವಾಹಿಯ ಅಡ್ಡ ಬಂದವಳಿಗೆ ಬೈಯುತ್ತ ಕೂತಿದ್ದರು.

ನಮ್ಮ ಕಡೆ ಮಗುವಿಗೆ ಹೆಸರಿಡುವವಳು ಸೋದರತ್ತೆ, ಮಗುವಿನ ತಂದೆಯ ತಂಗಿಯೋ ಅಕ್ಕನೋ. ಅವಳು ತೊಟ್ಟಿಲಿಗೆ ಬಾಗಿ ಮಗುವಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುತ್ತಾಳೆ. ಹೇಳುವಾಗ ನೆರೆದ ಹೆಂಗಸರೆಲ್ಲ ನಗುನಗುತ್ತ ಅವಳ ಬೆನ್ನಿಗೆ ಗುದ್ದುತ್ತಾರೆ. ಅವನಿಗೆ ಒಡಹುಟ್ಟಿದವರಿಲ್ಲ. ದೂರದ ಸಂಬಂಧದಲ್ಲಿ ತಂಗಿಯಾಗಬೇಕಾದವಳೊಬ್ಬಳು ಯಾದಗಿರಿಯಿಂದ ಬರಬೇಕಿತ್ತು, ತನ್ನ ಮಗುವಿಗೆ ಜ್ವರ ಎಂದು ಬರಲಿಲ್ಲ. ಹೊತ್ತು ಮೀರುತ್ತಿತ್ತು.

‘ಅಕ್ಕಾರ ಅದಾರಲ್ಲ, ಅವ್ರೇ ಕೂಡ್ರಲಿ,’ ಎಂದಳು ನರ್ಸ್. ನನ್ನ ಮನಸ್ಸಿನದು ಅವಳಿಗೆ ಏನೂ ಗೊತ್ತಿರಲಿಲ್ಲ, ನಿಜವಾಗಿಯೂ ಪ್ರೀತಿಯಿಂದಲೇ ಹೇಳಿದಳು.

‘ಅಕಿ ಹ್ಯಾಂಗ ಕೂಡ್ರತಾಳ? ಅಕಿ ಅವಗ ತಂಗಿ ಆಗಲ್ಲ,’ ಎಂದಳು ಅತ್ತೆ. ಮಾತು ಬಾಯಿಂದ ಜಾರಿದ ಮೇಲೆ ಸೆರಗು ಬಾಯಿಗೆ ಹಿಡಿದಳು. ಅವನು ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದ. ಒಂದು ಮಾತು ಬೇಡ ಅನ್ನಲಿ ಎಂದು ನಾನು ಕಾದೆ. ಅವನ ಬಾಯಿಂದ ಬೇಡ ಎಂದು ಬಂದಿದ್ದರೆ ಜನ್ಮವೆಲ್ಲ ಅದನ್ನಿಟ್ಟುಕೊಂಡು ಬದುಕುತ್ತಿದ್ದೆ. ಅವನು ಅನ್ನಲಿಲ್ಲ.

‘ಆಗ್ತೀನಿ ಬಿಡತ್ತಿ,’ ಎಂದು ನಾನೇ ಹೋಗಿ ತೊಟ್ಟಿಲಿಗೆ ಬಾಗಿದೆ. ಮಗುವಿನ ಕಿವಿ ಇಷ್ಟೇ ಇತ್ತು, ಬೆಣ್ಣೆಯ ವಾಸನೆ ಬರುತ್ತಿತ್ತು. ಕುರ್ರ್ ಎಂದು ಹೆಸರು ಹೇಳಿದೆ. ಬೆನ್ನ ಮೇಲೆ ಗುದ್ದುಗಳು ಬೀಳತೊಡಗಿದವು. ಹೆಂಗಸರು ನಗುತ್ತಿದ್ದರು, ನನ್ನ ಕಣ್ಣೀರು ಮಗುವಿನ ಕುಲಾವಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಒಂದು ಕೈ ಮಾತ್ರ ಎತ್ತಿದ್ದು ಬೀಳಲಿಲ್ಲ. ಬೆನ್ನ ಮೇಲೆ ಸುಮ್ಮನೆ ಬಂದು ಕೂತಿತು. ಅತ್ತೆ ನನ್ನ ಕಿವಿಯ ಹತ್ತಿರ ಬಾಗಿದ್ದಳು.

‘ಅವತ್ತ ನೀ ಸುಳ್ಳ ಹೇಳಿದ್ದೇನ, ನನ್ನವ್ವ?’

‘ಹೊಡಿ ಅತ್ತಿ,’ ಎಂದೆ, ‘ಮಂದಿ ನೋಡಾಕತ್ತಾರ.’